ತನ್ನ ಸರ್ಕಾರದ ಮೇಲೆ ದಾವೆ ಹೂಡಿದ ರಾಯಭಾರಿ

ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ಸಿ.ಬಿ. ಮುತ್ತಮ್ಮ ಅವರಿಗೆ ಸಿಗುವುದು ಒಂದೇ ಸಾಲು: ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮೇಲಿನ ಸಾಲಿನಲ್ಲಿ ಮೊದಲ ಮಹಿಳಾ ರಾಜ್ಯಪಾಲರು, ಕೆಳಗಿನ ಸಾಲಿನಲ್ಲಿ ಮೊದಲ ಮಹಿಳಾ ಐಪಿಎಸ್ ಅಧಿಕಾರಿ. ಇಂಥ ಪರೀಕ್ಷೆಗಳಿಗೆ ಓದುವವರಿಗೆ ಸಂವಿಧಾನ ಪಾಠ ಮಾಡುವುದು ನನ್ನ ಕಸುಬು. ಹಾಗಾಗಿ ಈ ‘ಮೊದಲಿಗರ’ ಪಟ್ಟಿಗಳು ನನ್ನ ಮೇಜಿನ ಮೇಲೆ ಸದಾ ಬಿದ್ದಿರುತ್ತವೆ, ಅವುಗಳ ಮೇಲೆ ನನಗೆ ಹಳೆಯ ತಕರಾರೂ ಇದೆ. ಪಟ್ಟಿಯನ್ನಷ್ಟೇ ಓದಿದವರಿಗೆ, 1949ಕ್ಕೆ ಮುಂಚೆ ಹೆಂಗಸರಿಗೆ ಯಾಕೋ ಮನಸ್ಸಿರಲಿಲ್ಲ, ಆಮೇಲೆ ಮನಸ್ಸು ಬಂತು ಎನ್ನುವಂತೆ ಕಾಣುತ್ತದೆ. ಯಾರು ತಡೆದರು, ಯಾವ ಕಾಗದದ ಮೇಲೆ ತಡೆದರು, ಸೇರಿಸಿಕೊಂಡ ಮೇಲೂ ಹೇಗೆ ತಡೆದರು ಎಂಬುದಕ್ಕೆ ಆ ಒಂದು ಸಾಲಿನಲ್ಲಿ ಜಾಗವಿಲ್ಲ.

ಮುತ್ತಮ್ಮ ಅವರ ವಿಷಯದಲ್ಲಿ ಆ ಕಾಗದ ನಮ್ಮ ಕಣ್ಣೆದುರಿಗೇ ಇದೆ. ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪಿನಲ್ಲಿ ಅದನ್ನು ಅಕ್ಷರಶಃ ಎತ್ತಿ ಬರೆದಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ ರಾಯಭಾರಿ ಎಂದರೆ ಯಾರು ಎಂಬುದನ್ನು ಸ್ವಲ್ಪ ನೋಡಬೇಕು. ಆ ಹುದ್ದೆಯ ಸ್ವರೂಪ ಗೊತ್ತಿಲ್ಲದಿದ್ದರೆ ಈ ಕತೆಯ ವಿಪರ್ಯಾಸ ಅರ್ಧವೇ ಗೊತ್ತಾಗುತ್ತದೆ.

ಜಿಲ್ಲಾಧಿಕಾರಿಯನ್ನು ಸರ್ಕಾರ ಒಂದು ಜಿಲ್ಲೆಗೆ ಕಳಿಸುವಾಗ ಆ ಜಿಲ್ಲೆಯನ್ನು ಕೇಳುವುದಿಲ್ಲ. ರಾಯಭಾರಿಯ ವಿಷಯ ಹಾಗಲ್ಲ. ಹೆಸರನ್ನು ಮೊದಲು ಗುಟ್ಟಾಗಿ ಆ ದೇಶಕ್ಕೆ ತಿಳಿಸಬೇಕು, ಅವರು ಒಪ್ಪಬೇಕು, ಒಪ್ಪದಿದ್ದರೆ ಕಾರಣ ಹೇಳುವ ಹಂಗೂ ಅವರಿಗಿಲ್ಲ. ಒಪ್ಪಿದ ಮೇಲೆ ರಾಷ್ಟ್ರಪತಿಗಳು ಸಹಿ ಮಾಡಿದ ಅಧಿಕಾರಪತ್ರವನ್ನು ರಾಯಭಾರಿ ಕೈಯಲ್ಲಿ ಹಿಡಿದು ಹೋಗಿ ಆ ದೇಶದ ಮುಖ್ಯಸ್ಥರಿಗೆ ಒಪ್ಪಿಸುತ್ತಾರೆ. ಇವರನ್ನು ನಂಬಿ, ನನ್ನ ಪರವಾಗಿ ಇವರು ಆಡುವ ಮಾತು ನನ್ನ ಮಾತು ಎನ್ನುವುದು ಆ ಪತ್ರದ ಸಾರ. ಅಲ್ಲಿಂದ ಮುಂದೆ ಆ ವ್ಯಕ್ತಿಗೆ ಸ್ವಂತ ಅಭಿಪ್ರಾಯ ಎಂಬುದು ಸಾರ್ವಜನಿಕವಾಗಿ ಇರುವುದಿಲ್ಲ. ಕಾರಿನ ಮೇಲೆ ಬಾವುಟ, ಬಾಯಿಯಲ್ಲಿ ದೆಹಲಿಯ ಮಾತು. 1961ರ ಏಪ್ರಿಲ್‌ನಲ್ಲಿ ವಿಯೆನ್ನಾದಲ್ಲಿ ಲೋಕದ ಹಲವು ದೇಶಗಳು ಕೂತು ಇದನ್ನೆಲ್ಲ ಒಂದು ಒಪ್ಪಂದವಾಗಿ ಬರೆದುಕೊಂಡವು. ರಾಜತಾಂತ್ರಿಕ ಅಧಿಕಾರಿಯ ಮೈಮುಟ್ಟುವಂತಿಲ್ಲ, ಬಂಧಿಸುವಂತಿಲ್ಲ, ತಕ್ಕ ಗೌರವದಿಂದ ನಡೆಸಿಕೊಳ್ಳಬೇಕು ಎಂದು ಅದರ 29ನೇ ವಿಧಿ ಹೇಳುತ್ತದೆ.

ಅದೇ 1961ರಲ್ಲಿ ದೆಹಲಿಯಲ್ಲಿ ಇನ್ನೊಂದು ನಿಯಮಾವಳಿ ತಯಾರಾಯಿತು. ವಿದೇಶಾಂಗ ಸೇವೆಯ ನಡತೆ ಮತ್ತು ಶಿಸ್ತಿನ ನಿಯಮಗಳು. ಅದರ 8(2)ನೇ ನಿಯಮದ ತಾತ್ಪರ್ಯ ಹೀಗಿದೆ: ಸೇವೆಯಲ್ಲಿರುವ ಮಹಿಳೆ ಮದುವೆಯಾಗುವ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯತಕ್ಕದ್ದು, ಮದುವೆಯ ನಂತರ ಆಕೆಯ ಕುಟುಂಬದ ಹಾಗೂ ಗೃಹಕೃತ್ಯದ ಹೊಣೆಗಳು ಕರ್ತವ್ಯದ ದಕ್ಷ ನಿರ್ವಹಣೆಗೆ ಅಡ್ಡಿಯಾಗುವ ಸಂಭವವಿದೆ ಎಂದು ಸರ್ಕಾರಕ್ಕೆ ಮನವರಿಕೆಯಾದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಜೊತೆಗೆ ನೇಮಕಾತಿ ನಿಯಮಗಳಲ್ಲಿ 18(4) ಎಂಬುದೊಂದಿತ್ತು: ಮದುವೆಯಾದ ಯಾವ ಹೆಂಗಸಿಗೂ ಈ ಸೇವೆಗೆ ನೇಮಕಗೊಳ್ಳುವ ಹಕ್ಕಿಲ್ಲ. ಸಂವಿಧಾನ ಜಾರಿಗೆ ಬಂದು ಆಗಲೇ ಹನ್ನೊಂದು ವರ್ಷ ಕಳೆದಿತ್ತು. ಸರ್ಕಾರಿ ಉದ್ಯೋಗದಲ್ಲಿ ಲಿಂಗದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಎನ್ನುವ 16ನೇ ವಿಧಿಯನ್ನು ಆ ನಿಯಮ ಬರೆದವರು ಓದಿರಲಿಲ್ಲವೆಂದು ನಂಬುವುದು ಕಷ್ಟ. ಓದಿದ್ದರು, ಅದು ತಮ್ಮ ಇಲಾಖೆಗೆ ಅನ್ವಯಿಸುತ್ತದೆ ಎಂದು ತೋರಿರಲಿಲ್ಲ, ಅಷ್ಟೇ.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಹುಟ್ಟಿದ್ದು 1924ರ ಜನವರಿ 24ರಂದು, ವಿರಾಜಪೇಟೆಯಲ್ಲಿ. ತಂದೆ ಅರಣ್ಯ ಅಧಿಕಾರಿ. ಮುತ್ತಮ್ಮ ಅವರಿಗೆ ಒಂಬತ್ತು ವರ್ಷವಿದ್ದಾಗಲೇ ತೀರಿಕೊಂಡರು. ನಾಲ್ಕು ಮಕ್ಕಳನ್ನು ಓದಿಸಿಯೇ ತೀರುತ್ತೇನೆಂದು ಹಟ ಹಿಡಿದವರು ತಾಯಿ. ಮಡಿಕೇರಿಯಲ್ಲಿ ಶಾಲೆ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಈ ದಾರಿಯಲ್ಲಿ ವಿಶೇಷವೇನೂ ಇಲ್ಲ ಎಂದು ಇಂದು ಅನ್ನಿಸಬಹುದು. ವಿಶೇಷ ಶುರುವಾಗುವುದು 1948ರಲ್ಲಿ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಪಾಸಾದಾಗ. ವಿದೇಶಾಂಗ ಸೇವೆ ಆಗಿನ್ನೂ ಎಳೆಯದು. ಅದನ್ನು ಕಟ್ಟಬೇಕೆಂದು 1946ರ ಅಕ್ಟೋಬರ್‌ನಲ್ಲಿ ತೀರ್ಮಾನವಾಗಿತ್ತು. ಎಲ್ಲವೂ ಹೊಸದು, ಆದರೆ ಸಂದರ್ಶನದ ಮೇಜಿನ ಆಚೆ ಕೂತವರು ಹಳಬರು.

ಆಯೋಗದ ಅಧ್ಯಕ್ಷರು ಈ ಸೇವೆ ಬೇಡವೆಂದು ತನ್ನ ಮನಸ್ಸು ತಿರುಗಿಸಲು ನೋಡಿದರು, ಅಧ್ಯಕ್ಷನಾಗಿ ನನ್ನ ಪ್ರಭಾವ ಬಳಸಿ ಮೌಖಿಕ ಪರೀಕ್ಷೆಯಲ್ಲಿ ನಿನಗೆ ಕನಿಷ್ಠ ಅಂಕ ಕೊಡಿಸಿದೆ ಎಂದು ಆಮೇಲೊಮ್ಮೆ ತಾವೇ ಹೇಳಿದರು ಎಂದು ಮುತ್ತಮ್ಮ ತಮ್ಮ ಅರ್ಜಿಯಲ್ಲಿ ಬರೆದಿದ್ದಾರೆ. ಈ ಸಾಲನ್ನು ನಾನು ಎಷ್ಟೋ ಬಾರಿ ಓದಿದ್ದೇನೆ. ಅಂಕ ಕಡಿಮೆ ಕೊಡುವುದು ಬೇರೆ ಮಾತು, ಅದನ್ನು ಆಕೆಗೇ ಹೇಳುವುದು ಬೇರೆ ಮಾತು. ಹೇಳುವಾಗ ಅವರಿಗೆ ಅದು ತಪ್ಪೊಪ್ಪಿಗೆಯಾಗಿ ಅಲ್ಲ, ಹಿರಿಯರ ಹಿತವಚನವಾಗಿ ಕಂಡಿರಬೇಕು. ಆ ಅಂಕದಲ್ಲಿಯೂ ಆಕೆ ಆಯ್ಕೆಯಾದರು. 1949ರಲ್ಲಿ ಸೇವೆಗೆ ಸೇರುವಾಗ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ.

ಅಂದರೆ 1961ರ ನಿಯಮ ಏನೂ ಹೊಸದಾಗಿ ಹುಟ್ಟಿಸಲಿಲ್ಲ. ಮೊದಲಿನಿಂದ ಇದ್ದ ಪದ್ಧತಿಯನ್ನು ಮುದ್ರಿಸಿತು. ಆ ಪದ್ಧತಿಗೆ ಬೆಲೆ ತೆತ್ತವರಲ್ಲಿ ರಮಾ ಮೆಹ್ತಾ ಒಬ್ಬರು. ಅವರೂ ಆ ಮೊದಲ ವರ್ಷಗಳಲ್ಲಿಯೇ ಸೇವೆಗೆ ಬಂದವರು. ಸಹೋದ್ಯೋಗಿ ಜಗತ್ ಮೆಹ್ತಾ ಅವರನ್ನು ಮದುವೆಯಾದರು, ಕೆಲಸ ಬಿಟ್ಟರು. ಗಂಡ ಸೇವೆಯಲ್ಲಿ ಮುಂದುವರಿದರು, 1976ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು. ಒಂದೇ ಮದುವೆ, ಒಂದೇ ಸೇವೆ. ಹೆಂಡತಿಯ ವೃತ್ತಿಗೆ ಅಡ್ಡಿಯಾಗಬಹುದೆಂದು ಸರ್ಕಾರ ಅಂಜಿದ ಸಂಸಾರ ಗಂಡನ ವೃತ್ತಿಗೆ ಅಡ್ಡಿಯಾಗಬಹುದೆಂದು ಯಾರಿಗೂ ಹೊಳೆಯಲಿಲ್ಲ. ವಿದೇಶಿಯರನ್ನು ಮದುವೆಯಾಗುವುದಿದ್ದರೆ ಗಂಡಸರೂ ಅನುಮತಿ ಪಡೆಯಬೇಕಿತ್ತು, ನಿಜ. ಅದು ದೇಶದ ಭದ್ರತೆಯ ಮಾತು. ತಮ್ಮೂರಿನ ಹುಡುಗಿಯನ್ನೇ ಮದುವೆಯಾಗುತ್ತೇನೆಂದರೆ ಗಂಡಸನ್ನು ಯಾರೂ ಕೇಳುತ್ತಿರಲಿಲ್ಲ.

ಈ ‘ಗೃಹಕೃತ್ಯ’ದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಇಡೀ ನಿಯಮ ನಿಂತಿರುವುದು ಅದರ ಮೇಲೆ. ರಾಯಭಾರ ಎಂಬ ಕೆಲಸದ ಒಂದು ದೊಡ್ಡ ಪಾಲು ನಡೆಯುವುದು ಕಚೇರಿಯಲ್ಲಿ ಅಲ್ಲ, ರಾಯಭಾರಿಯ ಮನೆಯಲ್ಲಿ. ಗಣರಾಜ್ಯೋತ್ಸವದ ಆತಿಥ್ಯ, ದೆಹಲಿಯಿಂದ ಮಂತ್ರಿ ಬಂದಾಗಿನ ಔತಣ, ಆ ದೇಶದ ಪತ್ರಿಕೆಯ ಸಂಪಾದಕನಿಗೋ ಸಂಸತ್ತಿನ ವಿರೋಧ ಪಕ್ಷದವನಿಗೋ ಸದ್ದಿಲ್ಲದೆ ಹಾಕಿಸುವ ರಾತ್ರಿಯೂಟ. ಯಾರ ಪಕ್ಕ ಯಾರು ಕೂರಬೇಕು, ಯಾರು ದನದ ಮಾಂಸ ತಿನ್ನುವುದಿಲ್ಲ, ಯಾರು ಹಂದಿ ಮುಟ್ಟುವುದಿಲ್ಲ, ಯಾವ ಎರಡು ದೇಶದ ರಾಯಭಾರಿಗಳು ಈಗ ಪರಸ್ಪರ ಮಾತು ಬಿಟ್ಟಿದ್ದಾರೆ, ಇಷ್ಟೆಲ್ಲ ಲೆಕ್ಕ ಹಾಕಿ ಮೇಜು ಸಿದ್ಧವಾಗಬೇಕು. ಇದಕ್ಕೆ ಸರ್ಕಾರ ಆತಿಥ್ಯ ಭತ್ಯೆ ಕೊಡುತ್ತದೆ. ಆದರೆ ದುಡಿಮೆ ಯಾರದು? ದಶಕಗಟ್ಟಲೆ, ಲೋಕದ ಎಲ್ಲ ದೇಶಗಳ ರಾಯಭಾರ ಕಚೇರಿಗಳಲ್ಲಿ, ಆ ದುಡಿಮೆ ರಾಯಭಾರಿಯ ಹೆಂಡತಿಯದು. ಸಂಬಳವಿಲ್ಲ, ಹುದ್ದೆಯಿಲ್ಲ, ರಜೆಯಿಲ್ಲ. ಗಂಡನಿಗೆ ವರ್ಗವಾದಾಗಲೆಲ್ಲ ಮಕ್ಕಳ ಶಾಲೆ ಬಿಡಿಸಿ, ಪೆಟ್ಟಿಗೆ ಕಟ್ಟಿ, ಹೊಸ ದೇಶದಲ್ಲಿ ತರಕಾರಿ ಎಲ್ಲಿ ಸಿಗುತ್ತದೆಂದು ಹುಡುಕುವುದೂ ಆಕೆಯೇ. ಸರ್ಕಾರ ಒಬ್ಬರಿಗೆ ಸಂಬಳ ಕೊಟ್ಟು ಇಬ್ಬರನ್ನು ದುಡಿಸಿಕೊಳ್ಳುತ್ತಿತ್ತು.

ಈಗ 8(2)ನ್ನು ಮತ್ತೊಮ್ಮೆ ಓದಿದರೆ ಅದರ ನಿಜವಾದ ಅಂಜಿಕೆ ಕಾಣುತ್ತದೆ. ಮನೆವಾರ್ತೆ ಕರ್ತವ್ಯಕ್ಕೆ ಅಡ್ಡಿ ಎಂಬುದು ಆ ಸೇವೆಯ ಅನುಭವವೇ ಅಲ್ಲ. ಮನೆವಾರ್ತೆ ಇಲ್ಲದೆ ಆ ಸೇವೆ ನಡೆಯುತ್ತಲೇ ಇರಲಿಲ್ಲ. ಅಧಿಕಾರಿಯೇ ಹೆಂಗಸಾದರೆ ಆ ಪುಕ್ಕಟೆ ದುಡಿಮೆ ಯಾರು ಮಾಡುತ್ತಾರೆ ಎಂಬುದು ಪ್ರಶ್ನೆ. ಗಂಡ ಮಾಡುತ್ತಾನೆಂದು ಕಲ್ಪಿಸಿಕೊಳ್ಳಲು 1961ರ ದೆಹಲಿಗೆ ಆಗಲಿಲ್ಲ. 2025ರ ಬೆಂಗಳೂರಿಗೂ ಅದು ಅಷ್ಟು ಸುಲಭವಲ್ಲ ಎಂದು ನನ್ನ ತರಗತಿಯಲ್ಲಿ ಈ ಮಾತು ಬಂದಾಗ ಹುಡುಗರ ಮುಖ ನೋಡಿದರೆ ಗೊತ್ತಾಗುತ್ತದೆ.

ಹಾಗೆಂದು ಸ್ವತಂತ್ರ ಭಾರತ ಹೆಂಗಸರನ್ನು ರಾಯಭಾರಿಯಾಗಿ ಕಳಿಸಿಯೇ ಇರಲಿಲ್ಲವೆ? ಕಳಿಸಿತ್ತು. ವಿಜಯಲಕ್ಷ್ಮಿ ಪಂಡಿತ್ 1947ರಲ್ಲಿಯೇ ಮಾಸ್ಕೋಗೆ ಹೋದರು, ಆಮೇಲೆ ವಾಷಿಂಗ್ಟನ್, ಲಂಡನ್. ಸಮರ್ಥರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಪ್ರಧಾನಿಯ ತಂಗಿ, ರಾಜಕೀಯದಿಂದ ಬಂದವರು. ಪರೀಕ್ಷೆ ಬರೆದು, ಕೆಳಗಿನ ಮೆಟ್ಟಿಲಿನಿಂದ ಹತ್ತಿ ಬರುವವರ ದಾರಿ ಬೇರೆ. ಕೊಡಗಿನ ಮಟ್ಟಿಗೇ ನೋಡಿ: ಜನರಲ್ ಕಾರ್ಯಪ್ಪ 1953ರಲ್ಲಿ ಸೇನೆಯಿಂದ ನಿವೃತ್ತರಾದರು, ಅದೇ ವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆದರು. ಅದೇ ನೆಲದ ಮುತ್ತಮ್ಮ ಆ ಹೊತ್ತಿಗೆ ನಾಲ್ಕು ವರ್ಷದ ಸೇವೆ ಮುಗಿಸಿದ್ದರು. ಅವರ ಕಾರಿಗೆ ಬಾವುಟ ಬರಲು ಇನ್ನೂ ಹದಿನೇಳು ವರ್ಷ ಬೇಕಾಯಿತು. ಕಾರ್ಯಪ್ಪನವರ ಯೋಗ್ಯತೆಯ ಬಗ್ಗೆ ನನ್ನ ಆಕ್ಷೇಪವಿಲ್ಲ. ಸರ್ಕಾರಕ್ಕೆ ಮನಸ್ಸಿದ್ದಾಗ ದಾರಿ ಎಷ್ಟು ಚಿಕ್ಕದಾಗುತ್ತಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಪ್ಯಾರಿಸ್, ರಂಗೂನ್, ಲಂಡನ್, ನಡುವೆ ದೆಹಲಿಯಲ್ಲಿ ಪಾಕಿಸ್ತಾನ ಮತ್ತು ಅಮೆರಿಕ ವಿಭಾಗಗಳು. 1970ರಲ್ಲಿ ಮುತ್ತಮ್ಮ ಹಂಗೇರಿಗೆ ರಾಯಭಾರಿಯಾಗಿ ಹೋದರು. ಸೇವೆಯ ಒಳಗಿನಿಂದ ಬಂದು ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆ. ಬುಡಾಪೆಸ್ಟ್ ಬಗ್ಗೆ ಭಾರತದ ರಾಜತಾಂತ್ರಿಕರಿಗೆ ಒಂದು ಹಳೆಯ ಮುಜುಗರವಿತ್ತು. 1956ರಲ್ಲಿ ಜನರ ದಂಗೆಯನ್ನು ಹತ್ತಿಕ್ಕಲು ಸೋವಿಯತ್ ಟ್ಯಾಂಕುಗಳು ಆ ನಗರಕ್ಕೆ ನುಗ್ಗಿದಾಗ ಭಾರತದ ರಾಯಭಾರಿ ಅಲ್ಲಿರಲೇ ಇಲ್ಲ. ಮಾಸ್ಕೋದಲ್ಲಿದ್ದ ಕೆ.ಪಿ.ಎಸ್. ಮೆನನ್ ಅವರೇ ಹಂಗೇರಿಯನ್ನೂ ನೋಡಿಕೊಳ್ಳುತ್ತಿದ್ದರು, ಬುಡಾಪೆಸ್ಟ್‌ನಲ್ಲಿ ಇದ್ದದ್ದು ಒಬ್ಬ ಕಿರಿಯ ಅಧಿಕಾರಿ. ನೆಹರೂ ಸರ್ಕಾರ ತಡವಾಗಿ, ತಡವರಿಸುತ್ತ ಮಾತಾಡಿತೆಂಬ ಟೀಕೆ ಆಗ ಜೋರಾಗಿತ್ತು. ಆ ದಂಗೆಯ ನಂತರ ಗದ್ದುಗೆಗೆ ಬಂದ ಯಾನೋಸ್ ಕಾದಾರ್ 1970ರಲ್ಲಿಯೂ ಗದ್ದುಗೆಯಲ್ಲಿಯೇ ಇದ್ದರು. ಮರುವರ್ಷವೇ ಬಾಂಗ್ಲಾದೇಶದ ಬಿಕ್ಕಟ್ಟು, ಸೋವಿಯತ್ ಒಕ್ಕೂಟದೊಂದಿಗೆ ಆಗಸ್ಟ್ ಒಪ್ಪಂದ, ಡಿಸೆಂಬರ್‌ನಲ್ಲಿ ಯುದ್ಧ. ಭಾರತದ ಪಕ್ಷವನ್ನು ಒಪ್ಪಿಸುವ ಕೆಲಸ ಆ ವರ್ಷ ಲೋಕದ ಎಲ್ಲ ರಾಜಧಾನಿಗಳಲ್ಲೂ ಇತ್ತು.

ಆಮೇಲೆ ಘಾನಾ. ಕಾಮನ್‌ವೆಲ್ತ್ ದೇಶವಾದ್ದರಿಂದ ಅಲ್ಲಿ ರಾಯಭಾರಿಗೆ ಹೈಕಮಿಷನರ್ ಎಂದು ಹೆಸರು, ಕೆಲಸ ಅದೇ. 1957ರಲ್ಲಿ ಸ್ವಾತಂತ್ರ್ಯ ಪಡೆದು ಇಡೀ ಆಫ್ರಿಕಕ್ಕೆ ಆಸೆ ಹುಟ್ಟಿಸಿದ ದೇಶ ಎಪ್ಪತ್ತರ ದಶಕದಲ್ಲಿ ಸೇನಾಧಿಕಾರಿಗಳ ಕೈಗೆ ಸಿಕ್ಕಿತ್ತು. ಅಕ್ರಾದಲ್ಲಿ ಬಹುಕಾಲದಿಂದ ಅಂಗಡಿ ಇಟ್ಟುಕೊಂಡಿದ್ದ ಸಿಂಧಿ ವ್ಯಾಪಾರಿಗಳ ಸಮುದಾಯವಿತ್ತು, ಈಗಲೂ ಇದೆ. ಇಂಥ ಊರುಗಳಲ್ಲಿ ಭಾರತೀಯ ಕಚೇರಿಯ ನಿತ್ಯದ ಕೆಲಸ ಪತ್ರಿಕೆಗಳಲ್ಲಿ ಬರುವಂಥದ್ದಲ್ಲ: ಕಳೆದುಹೋದ ಪಾಸ್‌ಪೋರ್ಟ್, ಬಂದರಿನಲ್ಲಿ ಸಿಕ್ಕಿಹಾಕಿಕೊಂಡ ನಾವಿಕ, ಊರಿಗೆ ಕಳಿಸಬೇಕಾದ ಶವ, ರಾತ್ರೋರಾತ್ರಿ ಬದಲಾಗುವ ಆಮದು ನಿಯಮ. ವಿದೇಶಾಂಗ ಸೇವೆ ಎಂದರೆ ಷಾಂಡೆಲಿಯರ್ ಕೆಳಗೆ ನಿಂತು ಗ್ಲಾಸು ಹಿಡಿಯುವುದು ಎಂದುಕೊಂಡವರು ಒಂದು ದಿನ ಅಲ್ಲಿನ ಕೌಂಟರಿನ ಮುಂದೆ ನಿಲ್ಲಬೇಕು.

ಎರಡು ದೇಶಗಳಲ್ಲಿ ಭಾರತದ ಮುಖ್ಯ ಪ್ರತಿನಿಧಿಯಾಗಿದ್ದು ಬಂದವರನ್ನು ಎರಡನೇ ದರ್ಜೆಯಿಂದ ಮೊದಲ ದರ್ಜೆಗೆ ಏರಿಸುವ ಪ್ರಶ್ನೆ ಬಂದಾಗ ಸರ್ಕಾರ ಹೇಳಿದ್ದು, ಅರ್ಹತೆ ಸಾಲದು. ಕಿರಿಯರು ಮೇಲೆ ಹೋದರು. ಅಲ್ಲಿಯವರೆಗೆ ಎಲ್ಲವನ್ನೂ ಸೇವೆಯ ನಾಲ್ಕು ಗೋಡೆಗಳ ಒಳಗೇ ಇಟ್ಟುಕೊಂಡಿದ್ದ ಅಧಿಕಾರಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಹಾಕಿದರು. ಆಗ ಅವರಿಗೆ ಐವತ್ತು ದಾಟಿತ್ತು, ನಿವೃತ್ತಿ ಕಣ್ಣಳತೆಯಲ್ಲಿತ್ತು.

ಸರ್ಕಾರಿ ನೌಕರರು ಬಡ್ತಿಗಾಗಿ ಕೋರ್ಟಿಗೆ ಹೋಗುವುದು ನಮ್ಮಲ್ಲಿ ನಿತ್ಯದ ಸುದ್ದಿ. ರಾಯಭಾರಿ ಹೋಗುವುದು ಬೇರೆ. ದೇಶದ ಮಾತನ್ನು ತನ್ನ ಮಾತಾಗಿ ಆಡುವುದೇ ವೃತ್ತಿಯಾಗಿದ್ದವರು, ಪರದೇಶದಲ್ಲಿ ಸರ್ಕಾರವನ್ನು ಯಾರಾದರೂ ಬೈದರೆ ನಗುನಗುತ್ತ ಸಮರ್ಥಿಸಿಕೊಳ್ಳಬೇಕಾದವರು, ಅದೇ ಸರ್ಕಾರವನ್ನು ಎದುರುದಾರನನ್ನಾಗಿ ನಿಲ್ಲಿಸಿದರು. ನನಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಮುತ್ತಮ್ಮ ಹೊರಗೆ ಪ್ರತಿನಿಧಿಸುತ್ತಿದ್ದದ್ದು ಸಂವಿಧಾನ ಹೇಳುವ ಭಾರತವನ್ನು. ಇಲಾಖೆಯ ನಿಯಮಾವಳಿ ಹೇಳುವ ಭಾರತ ಬೇರೆಯೇ ಇತ್ತು. ಎರಡರಲ್ಲಿ ಯಾವುದು ನಿಜ ಎಂದು ಕೇಳುವ ಹಕ್ಕು, ಆ ದೇಶದ ಹೆಸರಿನಲ್ಲಿ ಮಾತಾಡುವವರಿಗೆ ಇಲ್ಲದೆ ಇನ್ಯಾರಿಗೆ?

1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಕೊಟ್ಟರು. ಜೊತೆಗಿದ್ದವರು ನ್ಯಾಯಮೂರ್ತಿ ಪಿ.ಎನ್. ಸಿಂಘಾಲ್. ಚಿಕ್ಕ ತೀರ್ಪು. ಅಯ್ಯರ್ ಅವರ ಇಂಗ್ಲಿಷ್ ಎಂದಿನಂತೆ ಪಟಾಕಿ ಸಿಡಿದ ಹಾಗೆ. ಸಮಾನತೆಯನ್ನು ಸಾರುವ, ಸಂವಿಧಾನದ 14 ಮತ್ತು 16ನೇ ವಿಧಿಗಳು ಪುರಾಣವೋ ವಾಸ್ತವವೋ ಎಂದು ಈ ಕತೆ ಕೇಳಿದವರಿಗೆ ಅನುಮಾನ ಬರುತ್ತದೆ ಎಂದು ಮೊದಲಿಗೇ ಹೇಳಿದರು. ಕುಟುಂಬದ ಹೊಣೆ ಹೆಂಗಸಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕರ್ತವ್ಯಕ್ಕೂ ಆಗಬಹುದಲ್ಲ ಎಂದು ಕೇಳಿದರು. ಮದುವೆಯಾದ ಗಂಡಸಿಗೆ ಇರುವ ಹಕ್ಕು ಮದುವೆಯಾದ ಹೆಂಗಸಿಗೂ ಇದೆ ಎಂದರು. ಸೇವೆಯಲ್ಲಿ ಸ್ತ್ರೀದ್ವೇಷವೇ ಎದ್ದು ಕಾಣುತ್ತಿದೆ ಎನ್ನಲು ಹಿಂಜರಿಯಲಿಲ್ಲ. ಅದೇ ಉಸಿರಿನಲ್ಲಿ, ಎಲ್ಲ ಕೆಲಸಗಳಲ್ಲಿ ಎಲ್ಲ ಸಂದರ್ಭಗಳಲ್ಲಿ ಗಂಡು ಹೆಣ್ಣು ಸಮ ಎಂದು ನಾವು ಸಾರುತ್ತಿಲ್ಲ ಎಂಬ ರಕ್ಷಣಾ ವಾಕ್ಯವನ್ನೂ ಸೇರಿಸಿದರು, ಹೆಂಗಸರನ್ನು ದುರ್ಬಲ ಲಿಂಗ ಎಂಬ ಅರ್ಥ ಬರುವಂತೆ ಕರೆದರು. ಕೋರ್ಟಿನ ಸಿಟ್ಟು ನಿಜವಾದದ್ದು, ಅದರ ಕಾಲವೂ ನಿಜವಾದದ್ದು.

ಕೇಸಿನ ಗತಿ ಏನಾಯಿತು? ಅರ್ಜಿ ಹಾಕಿದ ಮೇಲೆ, ತೀರ್ಪು ಬರುವುದರೊಳಗೆ, ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಮುತ್ತಮ್ಮ ಅವರ ಅರ್ಹತೆ ಕಣ್ಣಿಗೆ ಬಿತ್ತು. ಕೆಲವು ತಿಂಗಳ ಹಿಂದೆ ಸಾಲದಾಗಿದ್ದ ಯೋಗ್ಯತೆ ಈಗ ಸಾಕಾಯಿತು. ಬಡ್ತಿ ಕೊಟ್ಟು, ನೆದರ್ಲೆಂಡ್ಸ್‌ಗೆ ರಾಯಭಾರಿಯಾಗಿ ಹೇಗ್ ನಗರಕ್ಕೆ ಕಳಿಸಿತು. ಅರ್ಜಿ ಬಿದ್ದದ್ದರಿಂದಲೇ ಬಡ್ತಿ ಬಂತೇ ಎಂದು ಅಯ್ಯರ್ ಒಂದು ಲ್ಯಾಟಿನ್ ಉಕ್ತಿಯಲ್ಲಿ ಕೊಂಕು ನುಡಿದು, ನ್ಯಾಯ ಸಿಕ್ಕಿದ ಮೇಲೆ ಹೆಚ್ಚು ಕೆದಕುವುದು ಬೇಡ ಎಂದು ಮುಂದೆ ಹೋದರು. 18(4)ನೇ ನಿಯಮವನ್ನು 1973ರ ನವೆಂಬರ್‌ನಲ್ಲಿಯೇ ತೆಗೆದಿದ್ದೇವೆ, 8(2)ನ್ನೂ ತೆಗೆಯುತ್ತಿದ್ದೇವೆ, ರಾಜಪತ್ರದಲ್ಲಿ ಪ್ರಕಟವಾಗುವುದಷ್ಟೇ ಬಾಕಿ ಎಂದು ಸರ್ಕಾರ ಹೇಳಿಕೊಂಡಿತು. ನಡುವೆ ಮುಂದೆ ಹೋದ ಕಿರಿಯರ ವಿಷಯದಲ್ಲಿ ಜ್ಯೇಷ್ಠತೆಯನ್ನು ಮರುಪರಿಶೀಲಿಸುವುದಾಗಿ ಸಾಲಿಸಿಟರ್ ಜನರಲ್ ಸೋಲಿ ಸೊರಾಬ್ಜಿ ಒಪ್ಪಿಸಿದರು. ಇಷ್ಟಾದ ಮೇಲೆ ಕೋರ್ಟು ಅರ್ಜಿಯನ್ನು ವಜಾ ಮಾಡಿತು; ಅರ್ಜಿಯನ್ನು ವಜಾ ಮಾಡುತ್ತಿದ್ದೇವೆ, ಸಮಸ್ಯೆಯನ್ನಲ್ಲ ಎಂದು ಸೇರಿಸಿತು.

ಈ ತೀರ್ಪನ್ನು ತರಗತಿಯಲ್ಲಿ ಓದಿಸಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮೇಡಂ, ಅರ್ಜಿ ವಜಾ ಆಯಿತು ಅಂದರೆ ಅವರು ಸೋತ ಹಾಗಲ್ಲವೇ?” ಕಾನೂನಿನ ಲೆಕ್ಕದಲ್ಲಿ ಹೌದು. ಉಳಿದ ಯಾವ ಲೆಕ್ಕದಲ್ಲಿಯೂ ಅಲ್ಲ. ಆದರೆ ಅವಳ ಪ್ರಶ್ನೆಯಲ್ಲಿ ಹುರುಳಿದೆ. ಆ ಎರಡು ನಿಯಮಗಳು ಸಂವಿಧಾನ ವಿರೋಧಿ ಎಂದು ಕೋರ್ಟು ಅಧಿಕೃತವಾಗಿ ರದ್ದು ಮಾಡಿದ್ದರೆ, ಅದೇ ಅಚ್ಚಿನಲ್ಲಿ ಬೇರೆ ಇಲಾಖೆಗಳಲ್ಲಿದ್ದ ನಿಯಮಗಳೂ ಅಲುಗಾಡುತ್ತಿದ್ದವು. ಸರ್ಕಾರ ತಾನೇ ತೆಗೆಯುತ್ತೇನೆಂದು ಮುಂದೆ ಬಂದಿದ್ದರಿಂದ ಆ ಮಟ್ಟದ ಆದೇಶ ಬರಲಿಲ್ಲ. ಸೋಲುವ ಕೇಸಿನಲ್ಲಿ ಕಕ್ಷಿದಾರನಿಗೆ ಬೇಕಾದ್ದನ್ನು ಕೊಟ್ಟು, ಪೂರ್ವನಿದರ್ಶನ ಆಗದಂತೆ ನೋಡಿಕೊಳ್ಳುವುದು ಸರ್ಕಾರಿ ವಕೀಲಿಕೆಯ ಹಳೆಯ ಪಟ್ಟು. ಇಲ್ಲಿ ಬೇಕೆಂದೇ ಹಾಗೆ ಮಾಡಿದರು ಎಂದು ನಾನು ಹೇಳಲಾರೆ. ಪರಿಣಾಮ ಮಾತ್ರ ಅದೇ ಆಯಿತು.

ಹೇಗ್ ಎಂದರೆ ಅಂತಾರಾಷ್ಟ್ರೀಯ ನ್ಯಾಯಾಲಯವಿರುವ ಊರು. ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾಯರು ಅಲ್ಲಿ 1952ರಿಂದ ನ್ಯಾಯಮೂರ್ತಿಯಾಗಿದ್ದರು, ಮರುವರ್ಷ ತೀರಿಕೊಂಡರು. ಸಂವಿಧಾನ ಸಭೆಗೆ ಸಲಹೆಗಾರರಾಗಿ ಮೊದಲ ಕರಡನ್ನು ಬರೆದವರು ಅವರೇ. ಸಮಾನತೆಯ ವಿಧಿಗಳ ಬಲದ ಮೇಲೆ ದಾವೆ ಹೂಡಿದ ರಾಯಭಾರಿ ಕೊನೆಗೆ ಹೋಗಿ ಕೂತದ್ದು ಆ ಊರಿನಲ್ಲಿ. ಕಾಕತಾಳೀಯವೇ, ಆದರೂ ಒಬ್ಬ ಮಂಗಳೂರಿನವರು, ಒಬ್ಬರು ವಿರಾಜಪೇಟೆಯವರು ಎನ್ನುವಾಗ ನನ್ನಂಥವಳಿಗೆ ಒಂದಿಷ್ಟು ಖುಷಿಯಾಗುತ್ತದೆ.

1982ರಲ್ಲಿ ಮುತ್ತಮ್ಮ ನಿವೃತ್ತರಾದರು. ಸ್ವೀಡನ್ನಿನ ಒಲೋಫ್ ಪಾಲ್ಮೆ ಅಧ್ಯಕ್ಷತೆಯ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದಿಂದ ಇದ್ದವರು ಅವರೇ. ಆ ಆಯೋಗದ ಉಳಿದ ಸದಸ್ಯರಲ್ಲಿ ಅಮೆರಿಕದ ಸೈರಸ್ ವಾನ್ಸ್, ಬ್ರಿಟನ್ನಿನ ಡೇವಿಡ್ ಓವೆನ್, ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್, ನೈಜೀರಿಯದ ಒಬಸಾಂಜೊ ಇದ್ದರು. ಮೊದಲ ದರ್ಜೆಗೆ ಅರ್ಹತೆ ಸಾಲದೆಂದು ಕಡತದಲ್ಲಿ ಬರೆದವರು ಈ ಪಟ್ಟಿಯನ್ನು ನೋಡಿದರೋ ಇಲ್ಲವೋ. ಆಮೇಲೆ ಮುತ್ತಮ್ಮ ವ್ಯವಸ್ಥೆಯ ಬಗ್ಗೆ ಖಾರವಾದ ಪ್ರಬಂಧಗಳನ್ನು ಬರೆದರು. ಕೊಡವರ ಅಡುಗೆಯ ಬಗ್ಗೆ ಬಂದ ಒಂದು ಪುಸ್ತಕಕ್ಕೆ ಸಹಲೇಖಕಿಯೂ ಆದರು. ಗೃಹಕೃತ್ಯ ಕರ್ತವ್ಯಕ್ಕೆ ಅಡ್ಡಿ ಎಂದು ನಿಯಮ ಬರೆದ ಇಲಾಖೆಯ ಅತಿ ಹಿರಿಯ ಅಧಿಕಾರಿಯೊಬ್ಬರು ಪಂದಿಕರಿ, ಕಡಂಬುಟ್ಟುಗಳ ನಾಡಿನ ಅಡುಗೆಮನೆಯನ್ನು ಪುಸ್ತಕಕ್ಕಿಳಿಸಿದ್ದು ನನಗೆ ಬಹಳ ಇಷ್ಟವಾದ ಸಂಗತಿ. ಗೃಹಕೃತ್ಯದ ಮೇಲೆ ಅವರಿಗೆ ಯಾವ ಮುನಿಸೂ ಇರಲಿಲ್ಲ.

2009ರ ಅಕ್ಟೋಬರ್ 14ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ ದೇಶದ ವಿದೇಶಾಂಗ ಕಾರ್ಯದರ್ಶಿಯಾಗಿದ್ದವರು ನಿರುಪಮಾ ರಾವ್. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿ, 1973ರಲ್ಲಿ ಸೇವೆ ಸೇರಿದವರು; ಆಗ 8(2) ಇನ್ನೂ ಜೀವಂತವಾಗಿತ್ತು. ಕೊಲಂಬೊದಲ್ಲಿ ಹೈಕಮಿಷನರ್, ಬೀಜಿಂಗ್‌ನಲ್ಲಿ ರಾಯಭಾರಿ, ಆಮೇಲೆ ಇಡೀ ಸೇವೆಯ ಮುಖ್ಯಸ್ಥೆ. ಪತಿ ಸುಧಾಕರ ರಾವ್ ಕರ್ನಾಟಕ ಕೇಡರಿನ ಐಎಎಸ್ ಅಧಿಕಾರಿ, ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದವರು. ಒಬ್ಬರದು ರಾಜ್ಯದ ಅತ್ಯುನ್ನತ ಕುರ್ಚಿ, ಇನ್ನೊಬ್ಬರದು ವಿದೇಶಾಂಗದ ಅತ್ಯುನ್ನತ ಕುರ್ಚಿ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ, ಸೇರುವ ದಿನ, ಮದುವೆಗೆ ಸರ್ಕಾರದ ಅನುಮತಿ ಬೇಕೆಂಬ ನಿಯಮವಿತ್ತು.

ಇಲ್ಲಿಗೆ ನಿಲ್ಲಿಸಿದರೆ ಕತೆ ಸುಖಾಂತ. ಆದರೆ ಕೋರ್ಟು ವಜಾ ಮಾಡದೆ ಬಿಟ್ಟ ಸಮಸ್ಯೆ ಬೇರೆ ಕಡೆ ತನ್ನ ಪಾಡಿಗೆ ಬದುಕಿಕೊಂಡಿತ್ತು. 2020ರಲ್ಲಿ ಸೇನೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ಸೇವೆ ಕೊಡುವ ಪ್ರಕರಣದಲ್ಲಿ ಕೇಂದ್ರ ಸರ್ಕಾರ ಹೆರಿಗೆ, ಮಕ್ಕಳು, ಸಂಸಾರದ ಹೊಣೆಗಳನ್ನು ಮತ್ತೆ ಮುಂದಿಟ್ಟಿತು. ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಅದಕ್ಕಿಂತ ನೇರವಾದದ್ದು ಸೇನೆಯ ಶುಶ್ರೂಷಾ ಸೇವೆಯ ಪ್ರಕರಣ. ಮದುವೆಯಾದರೆ ಕೆಲಸದಿಂದ ತೆಗೆಯಬಹುದೆಂಬ ಸೂಚನೆಯನ್ನು ಸೇನೆ ಹೊರಡಿಸಿದ್ದು 1977ರಲ್ಲಿ. ಮುತ್ತಮ್ಮ ತೀರ್ಪು 1979ರಲ್ಲಿ ಬಂತು, ವಿದೇಶಾಂಗ ಇಲಾಖೆ ತನ್ನ ಪುಸ್ತಕ ತಿದ್ದಿಕೊಂಡಿತು, ಸೇನೆಯ ಸೂಚನೆ ಇದ್ದ ಹಾಗೇ ಇತ್ತು. 1988ರಲ್ಲಿ ಅದರ ಅಡಿಯಲ್ಲಿ ಒಬ್ಬ ನರ್ಸ್ ಅಧಿಕಾರಿಯನ್ನು, ಸೇನಾಧಿಕಾರಿಯೊಬ್ಬರನ್ನು ಮದುವೆಯಾದದ್ದಕ್ಕೆ, ಮನೆಗೆ ಕಳಿಸಿದರು. ಮದುವೆಯಾದ ಸೇನಾಧಿಕಾರಿ ಸೇನೆಯಲ್ಲಿಯೇ ಉಳಿದರು. ಸೂಚನೆಯನ್ನು ಹಿಂತೆಗೆದುಕೊಂಡದ್ದು 1995ರಲ್ಲಿ. ಆಕೆಗೆ 60 ಲಕ್ಷ ರೂಪಾಯಿ ಪರಿಹಾರವನ್ನು ಎಂಟು ವಾರಗಳೊಳಗೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು 2024ರ ಫೆಬ್ರವರಿಯಲ್ಲಿ.